ಹಲಗೆ ಬಡಿಯುವುದನ್ನು ಕಡಿಮೆ ಮಾಡುವುದು

ಮಗುವಿನ ಪಾತ್ರ ಯಾರು ಮಾಡ್ತೀರಿ ಅಂತ ತರಬೇತಿ ಕೊಡಲು ಬಂದಿದ್ದ ಮೇಡಂ ಕೇಳಿದಾಗ, ಕೋಣೆಯಲ್ಲಿದ್ದ ಟೀಚರುಗಳೆಲ್ಲ ತಮ್ಮ ತಮ್ಮ ಪೆನ್ನಿನ ಮುಚ್ಚಳ ನೋಡತೊಡಗಿದರು. ನಾನೂ ನೋಡಿದೆ. ನನ್ನ ಪೆನ್ನಿಗೆ ಮುಚ್ಚಳವೇ ಇರಲಿಲ್ಲ.

"ನಮ್ಮ ಮೌನಗೌರಿ ಇದ್ದಾಳಲ್ಲ!" ಎಂದರು ಪಕ್ಕದ ತರಗತಿಯ ಅಕ್ಕ. "ಬಾಯಿ ಬಿಡದೆ ಕೂರೋಕೆ ಅವಳಿಗೆ ತರಬೇತಿ ಬೇರೆ ಬೇಕಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ; ನನಗೆ ಮಾತಾಡುವುದಕ್ಕಿಂತ ನಗುವುದು ಸುಲಭ. ಈ ಅಕ್ಕ ಶಾಲೆಯಲ್ಲಿ ಎಲ್ಲರಿಗಿಂತ ಹಳಬರು. ಬಾಯಿ ಜೋರು, ಮನಸ್ಸು ಮಾತ್ರ ಬೆಣ್ಣೆ ಅನ್ನುತ್ತಾರೆ. ಆ ಬೆಣ್ಣೆ ನನಗಿನ್ನೂ ಕಂಡಿಲ್ಲ.

ಹೀಗೆ ನಾನು ಚಿನಕುರಳಿಯ ಕುರ್ಚಿಯಲ್ಲಿ ಕೂತೆ. ಚಿನಕುರಳಿ ನನ್ನ ತರಗತಿಯ ಹುಡುಗಿ. ಅವಳ ಕೈಕಾಲು ಅವಳ ಮಾತು ಕೇಳುವುದಿಲ್ಲ, ನಾಲಿಗೆಯಂತೂ ಕೇಳುವುದೇ ಇಲ್ಲ. ಒಂದು ಮಾತೂ ಆಡದ ಮಗಳಿಗೆ ಆ ಅಡ್ಡಹೆಸರು ಇಟ್ಟದ್ದು ಅವಳ ಅಮ್ಮ. ಕಣ್ಣು ನೋಡಿದರೆ ಯಾಕೆ ಇಟ್ಟರೆಂದು ತಿಳಿಯುತ್ತದೆ. ಶಾಲೆಯಲ್ಲಿ ಅವಳಿಗೊಂದು ಚಕ್ರದ ಕುರ್ಚಿ: ಸೊಂಟಕ್ಕೆ ಬೆಲ್ಟು, ಎದುರಿಗೆ ಅಡ್ಡ ಹಲಗೆ, ಹಲಗೆಯ ಚಿಲಕ ಬೆನ್ನ ಹಿಂದೆ. ಅವಳು ಬೆಳೆದ ಹುಡುಗಿ, ನಾನು ಕಡ್ಡಿ. ಕುರ್ಚಿ ನನಗೂ ಸರಿಯಾಗಿ ಹಿಡಿಸಿತು. ಅಕ್ಕ ಬೆಲ್ಟು ಕಟ್ಟಿ, ಹಿಂದೆ ಬಂದು ಟಕ್ ಅಂತ ಚಿಲಕ ಹಾಕಿದರು.

"ನೀವು ಮಾತಾಡೋ ಹಾಗಿಲ್ಲ," ಎಂದರು ಮೇಡಂ. "ಆ ಮಗುವಿಗೆ ಏನು ಆಗುತ್ತೋ ಅಷ್ಟೇ ನಿಮಗೂ ಆಗಬೇಕು. ಉಳಿದವರು ಪ್ಲಾನ್ ಬರೀರಿ."

ನಾವು ಕಲಿಯುತ್ತಿದ್ದದ್ದು ಅದನ್ನೇ, ಒಂದೊಂದು ಮಗುವಿಗೂ ಅದರದೇ ಆದ ಕಲಿಕೆಯ ಯೋಜನೆ ಬರೆಯುವುದನ್ನು. ಚಿನಕುರಳಿಯದು ಮಾದರಿ. ಮಧ್ಯಾಹ್ನ ಅವಳನ್ನು ಕರೆದುಕೊಂಡು ಅವಳ ಅಮ್ಮ ಬರುತ್ತಾರೆ, ಓದಿ ಹೇಳುತ್ತೇವೆ, ಅವರು ಸೈನ್ ಮಾಡುತ್ತಾರೆ. ಸೈನ್ ಆಯಿತೆಂದರೆ ಒಂದು ವರ್ಷ ಅದೇ ಅವಳ ಹಣೆಬರಹ.

ಚಮಚ ಹಿಡಿಯುವುದು, ಚಿತ್ರ ಗುರುತಿಸುವುದು, ಪಾಠ ಮುಗಿಯುವವರೆಗೆ ನೆಟ್ಟಗೆ ಕೂರುವುದು. ಮೂರು ಗುರಿಗಳು ಸಲೀಸಾಗಿ ಬೋರ್ಡ್ ಮೇಲೆ ಬಂದವು. ನಾಲ್ಕನೆಯದು: ಹಲಗೆ ಬಡಿಯುವುದನ್ನು ಕಡಿಮೆ ಮಾಡುವುದು.

"ಅಬ್ಬಾ, ಅದನ್ನ ಮೊದಲು ಬರೀರಿ," ಎಂದರು ಅಕ್ಕ. "ಆ ಸದ್ದಿಗೆ ನನ್ನ ತರಗತಿ ಗೋಡೆ ಬಿರುಕು ಬಿಟ್ಟಿದೆ."

"ಯಾಕೆ ಬಡೀತಾಳೆ?" ಯಾರೋ ಕೇಳಿದರು.

"ಹಠ." "ಯಾರಾದ್ರೂ ನೋಡಲಿ ಅಂತ."

"ಯಾಕೆ ಅನ್ನೋದನ್ನ ಅಳೆಯೋಕೆ ಬರಲ್ಲ," ಎಂದರು ಮೇಡಂ, ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ. "ಎಷ್ಟು ಸಲ ಅನ್ನೋದನ್ನ ಅಳೀಬಹುದು. ಅಳೆಯೋಕೆ ಬಂದರೆ ಮಾತ್ರ ಗುರಿ. ಮತ್ತೆ, ಎಣಿಸುವಾಗ ಯಾರೂ ಹತ್ತಿರ ಹೋಗಬಾರದು. ಹೋದರೆ ಲೆಕ್ಕ ಕೆಡುತ್ತೆ."

ನನ್ನ ವಿಷಯ ನನ್ನ ತಲೆಯ ಮೇಲಿಂದಲೇ ಹಾದುಹೋಗುತ್ತಿತ್ತು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಮೊದಲು ಹಾಯೆನಿಸಿತು, ನಿಜ ಹೇಳುತ್ತೇನೆ. ಯಾರೂ ಏನೂ ಕೇಳದ ಕುರ್ಚಿಯೊಂದು ನನಗೆ ಹುಟ್ಟಿದಾಗಿನಿಂದ ಬೇಕಾಗಿತ್ತು.

ಅಷ್ಟರಲ್ಲಿ ಚಹಾ ಬಂತು ಅಂತ ಕೂಗು ಕೇಳಿಸಿತು. ಎಲ್ಲರೂ ಎದ್ದರು, ಹೋದರು.

ನಾನು ಉಳಿದೆ.

ಮೂಗಿನ ತುದಿ ತುರಿಸಿತು. ಅದೇನೋ ಕೈಗೆ ಎಟುಕಿತು. ಚಿಲಕ ಎಟುಕಲಿಲ್ಲ. ಬೆಲ್ಟು ಹಲಗೆಯ ಕೆಳಗೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆಯಿಂದ ನೀರು ಕುಡಿದದ್ದೇ ಕುಡಿದದ್ದು, ಬಾತ್‌ರೂಮಿಗೆ ಹೋಗಬೇಕಿತ್ತು. ಹೊರಗೆ ಲೋಟಗಳ ಸದ್ದು, ಅಕ್ಕನ ನಗು. ಒಂದು ಸಲ ಕೂಗಿದರೆ ಸಾಕು. 'ಅಕ್ಕಾ' ಅನ್ನಲು ಬಾಯಿ ತೆರೆದೆ, ಮುಚ್ಚಿದೆ. ಏನಂತ ಕೂಗಲಿ? ಅಷ್ಟು ಜನರ ನಡುವೆ ನನಗೆ ಬಾತ್‌ರೂಮಿಗೆ ಹೋಗಬೇಕು ಅಂತಲೇ? ಕಾದೆ. ಬೋರ್ಡ್ ಮೇಲಿನ ನಾಲ್ಕನೇ ಸಾಲನ್ನು ಓದಿದೆ, ಮತ್ತೆ ಓದಿದೆ. ಬೆವರು ಕಿವಿಯ ಹಿಂದೆ ಇಳಿಯಿತು. ಈ ಕೋಣೆಗೆ ಇನ್ನು ಯಾರೂ ಬರುವುದೇ ಇಲ್ಲ ಅನ್ನಿಸಿಬಿಟ್ಟಿತು.

ಆಮೇಲೆ ಸದ್ದು ಕೇಳಿಸಿತು. ಢಬ್. ನನ್ನದೇ ಮುಷ್ಟಿ. ಢಬ್, ಢಬ್.

"ಅಯ್ಯೋ ನಿನ್ನ!" ಅಕ್ಕ ಲೋಟ ಹಿಡಿದುಕೊಂಡೇ ಓಡಿ ಬಂದರು. "ಮರೆತೇಬಿಟ್ವಲ್ಲೇ! ಥೇಟ್ ಅವಳ ಹಾಗೇ ಬಡೀತೀಯಲ್ಲ. ಬಾಯಿ ಎಲ್ಲಿಟ್ಟಿದ್ದೆ, ಮನೇಲಾ?"

"ಬಾತ್‌ರೂಮ್," ಎಂದೆ. ಅಷ್ಟೇ ಬಂತು.

ವಾಪಸ್ ಬಂದಾಗ ಮೇಡಂ ಪ್ಲಾನನ್ನು ಅಚ್ಚು ಹಾಕಿಸಿ ಕೈಯಲ್ಲಿ ಹಿಡಿದಿದ್ದರು. ಕೈಯೆತ್ತಿದೆ. ಶಾಲೆಗೆ ಹೋಗುವಾಗಲೂ ನಾನು ಕೈಯೆತ್ತಿದವಳಲ್ಲ.

"ನಾಲ್ಕನೇ ಗುರಿ ತೆಗೀಬೇಕು ಮೇಡಂ. ಬಡಿಯೋದು... ಅದು ಅವಳು ಕರೆಯೋದು."

"ನಿಮಗೆ ಬಾತ್‌ರೂಮಿಗೆ ಹೋಗಬೇಕಿತ್ತು, ಬಡಿದ್ರಿ. ಅವಳೂ ಅದಕ್ಕೇ ಬಡೀತಾಳೆ ಅಂತ ಹೇಗೆ ಗೊತ್ತು?"

ಗೊತ್ತಿರಲಿಲ್ಲ. "ಬಡಿದಾಗ ಯಾರಾದ್ರೂ ಹೋಗಿ ಕೇಳಬೇಕು ಅಂತ ಬರೆಯೋಣ," ಎಂದೆ.

ಮೇಡಂ ನಕ್ಕರು. ಕೆಟ್ಟ ನಗುವಲ್ಲ. "ಅದು ನಮ್ಮ ಗುರಿ ಆಯ್ತು, ಮಗುವಿನದಲ್ಲ. ಈ ಹಾಳೆಯಲ್ಲಿ ನಮಗೆ ಜಾಗ ಇಲ್ಲಮ್ಮ."

ಕೂತೆ. ಬೆಲ್ಟೂ ಹಲಗೆಯೂ ಇಲ್ಲದ ಕುರ್ಚಿಯಲ್ಲಿ.

ಮಧ್ಯಾಹ್ನ ಚಿನಕುರಳಿ ಬಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ, ಬೆಲ್ಟು ಕಟ್ಟಿದೆ, ಚಿಲಕ ನಾನೇ ಹಾಕಿದೆ. ಮೇಡಂ ಒಂದೊಂದೇ ಗುರಿ ಓದಿದರು. ನಾಲ್ಕನೆಯದು ಬಂದಾಗ ಅವಳ ಅಮ್ಮನ ಮುಖ ಅರಳಿತು.

"ಮನೇಲಿ ಆಗಲೇ ನಿಂತುಹೋಗಿದೆ ಮೇಡಂ! ಹಿಂದಿನ ಟೀಚರ್ ಹೇಳಿದ್ರಲ್ಲ, ಮನೆ ಕುರ್ಚಿಯ ಹಲಗೆ ಮೇಲೆ ಬೆಡ್‌ಶೀಟ್ ಮಡಚಿ ಹಾಕಿ ಅಂತ. ಮೊದಮೊದಲು ಬಡೀತಿದ್ಳು, ಕೇಳಿಸ್ತಿರಲಿಲ್ಲ. ಈಗ ಬಡಿಯೋದೂ ಇಲ್ಲ. ಪಾಪ, ಸುಮ್ನೆ ಇರ್ತಾಳೆ. ಬಟ್ಟೆ ಒದ್ದೆ ಮಾಡ್ಕೊಳ್ಳೋದೊಂದು ಈಗ ಜಾಸ್ತಿ ಆಗಿದೆ, ನೋಡಿ. ಅದಕ್ಕೂ ಒಂದು ಗುರಿ ಹಾಕ್ಬಿಡಿ."

ಮೇಡಂ ಪೆನ್ನು ಕೊಟ್ಟರು. ಅಮ್ಮ ತೆಗೆದುಕೊಂಡರು.

ಢಬ್.

ಶಾಲೆಯ ಹಲಗೆಯ ಮೇಲೆ ಬೆಡ್‌ಶೀಟ್ ಇರಲಿಲ್ಲ. ಮೇಡಂ ಹಾಳೆಯ ಅಂಚಿನಲ್ಲಿ ಒಂದು ಗೀಟು ಎಳೆದರು. ಢಬ್. ಇನ್ನೊಂದು ಗೀಟು. ಯಾರೂ ಅಲುಗಲಿಲ್ಲ, ಎಣಿಸುವಾಗ ಹತ್ತಿರ ಹೋಗಬಾರದಲ್ಲ. ಚಿನಕುರಳಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ನನ್ನ ಮುಖಕ್ಕೆ ಬಂದಳು.

ನಾನು ಎದ್ದೆ. ಕುರ್ಚಿ ಕರ್ರೆಂದಿತು. ಅವಳ ಮುಷ್ಟಿ ಮೇಲೆತ್ತಿದ್ದು ಹಾಗೇ ನಿಂತಿತು.

"ನೀವು ಎದ್ದರೆ ಲೆಕ್ಕ—" ಎಂದರು ಮೇಡಂ.

"ಬಾತ್‌ರೂಮಾ?" ಎಂದು ಕೇಳಿದೆ, ಅವಳನ್ನು.

ಅವಳ ಕಣ್ಣು ಬಾಗಿಲಿಗೆ ಹೋಯಿತು, ನನ್ನ ಹತ್ತಿರ ಬಂತು, ಮತ್ತೆ ಬಾಗಿಲಿಗೆ ಹೋಯಿತು. ಮುಷ್ಟಿ ಸದ್ದಿಲ್ಲದೆ ಹಲಗೆಯ ಮೇಲೆ ಇಳಿಯಿತು.

ಅವಳ ಅಮ್ಮ ಅದನ್ನು ನೋಡಿದರು. "ಮನೇಲೂ..." ಎಂದರು. "ಮನೇಲೂ ಇದಕ್ಕೇನಾ?"

ನಾನು ಕುರ್ಚಿಯನ್ನು ಬಾಗಿಲಿನ ಕಡೆ ತಳ್ಳಿದೆ. ಅಕ್ಕ ಎದ್ದು ಬಂದು ಬಾಗಿಲು ಹಿಡಿದು ನಿಂತರು. "ಹೋಗೇ, ಹೋಗು," ಎಂದರು ಪಿಸುದನಿಯಲ್ಲಿ. ಅವರಿಗೆ ಪಿಸುದನಿಯೂ ಇದೆ.

ಹಿಂದೆ ಅವಳ ಅಮ್ಮನ ದನಿ ಕೇಳಿಸಿತು: "ನಾಲ್ಕನೇದು ಹೊಡೆದುಹಾಕಿ. ಆಮೇಲೆ ಸೈನ್ ಮಾಡ್ತೀನಿ."

"ಅಚ್ಚು ಹಾಕಿದ ಹಾಳೆ ತಿದ್ದೋ ಹಾಗಿಲ್ಲಮ್ಮ. ಮುಂದಿನ ವರ್ಷ..."

"ಹಾಗಾದ್ರೆ ಮುಂದಿನ ವರ್ಷವೇ ಸೈನ್ ಮಾಡ್ತೀನಿ."

ಬಾತ್‌ರೂಮಿನ ಬಾಗಿಲು ಕಿರಿದು, ಕುರ್ಚಿ ಒಳಗೆ ಹೋಗುವುದಿಲ್ಲ. ಹೊರಗೇ ಬಿಚ್ಚಬೇಕು. ಅವಳ ಬೆನ್ನ ಹಿಂದೆ ಬಗ್ಗಿ ಚಿಲಕ ಎಳೆದೆ. ಬರಲಿಲ್ಲ. ಬೆಳಿಗ್ಗೆ ಟಕ್ ಅಂತ ಬಿದ್ದ ಚಿಲಕ ಈಗ ಕಚ್ಚಿಕೊಂಡಿತ್ತು. ಉಗುರು ಸೀಳಿತು. ನಾನು ಎಲ್ಲಿ ಹೋದೆನೆಂದು ಅವಳಿಗೆ ಕಾಣುತ್ತಿರಲಿಲ್ಲ.

ಢಬ್.

"ಬಂದೆ," ಎಂದೆ, ಜೋರಾಗಿ. "ಇಲ್ಲೇ ಇದೀನಿ. ಬಂದೆ."