ಜಿಂಕೆ ಬಯಲಿನ ಹಂಚಿಹುಲ್ಲು

ನಾನು ಜಿಂಕೆ ಬಯಲಿನ ಒಂದು ಹಂಚಿಹುಲ್ಲಿನ ಬುಡ. ಪೊರಕೆ ಕಟ್ಟುವ ಹುಲ್ಲು ಎಂದರೆ ನಿಮಗೆ ಬೇಗ ಗುರುತು ಸಿಕ್ಕೀತು. ನಿಮ್ಮ ಅಂಗಳ ಗುಡಿಸಿದ್ದು ನನ್ನ ಬಳಗವೇ. ಪೊರಕೆ ಕಟ್ಟುವ ಗಿರಿಯಮ್ಮನ ಸೀರೆಯಂಚಿಗೆ ಚುಚ್ಚಿಕೊಂಡು ಬಂದ ಬೀಜ ನಾನು. ಆಕೆ ಬೈದುಕೊಂಡು ಕಿತ್ತೆಸೆದಳು, ಬಿದ್ದಲ್ಲೇ ಹುಟ್ಟಿದೆ.

ಪ್ರತಿ ಸುಗ್ಗಿಯಲ್ಲೂ ಅವಳು ಕುಡುಗೋಲು ಹಿಡಿದು ಬರುತ್ತಿದ್ದಳು. ಬುಡ ಬಿಟ್ಟು ಕೊಯ್ಯುವಳು, ಬೇರು ಅಲುಗಿಸಳು. ಹೊರೆ ಕಟ್ಟುವ ಮೊದಲು ಹುಲ್ಲನ್ನು ನೆಲಕ್ಕೆ ಎರಡು ಸಲ ಬಡಿದು ಬೀಜ ಉದುರಿಸಿ, "ಬರೋ ವರ್ಷಕ್ಕೂ ಇರ್ರವ್ವ" ಅನ್ನುವಳು. ನೋವಾಗುತ್ತಿರಲಿಲ್ಲ ಎಂದರೆ ಸುಳ್ಳು. ಆದರೂ ಮಳೆ ಬಿದ್ದರೆ ಮತ್ತೆ ಚಿಗುರುತ್ತಿದ್ದೆ.

ಬಯಲು ಜಿಂಕೆಗಳಿಗೆಂದು ಮೀಸಲಾದಾಗ ಅವಳ ತಮ್ಮ ರಂಗಧಾಮಯ್ಯ ಕಾವಲುಗಾರನಾದ. ಜಿಂಕೆ ಎಂದರೆ ಅವನಿಗೆ ಜೀವ. ಒಂದು ಬೇಸಿಗೆ, ತಾಯಿಜಿಂಕೆ ನನ್ನ ಮಗ್ಗುಲಲ್ಲಿ ಬಚ್ಚಿಟ್ಟಿದ್ದ ಮರಿ ಸತ್ತುಬಿದ್ದಿತ್ತು. ರಂಗಧಾಮಯ್ಯ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಕ್ಕನ ಮುಂದೆ ಅತ್ತ.

"ಒಂದ್ ಮರದ ನೆಳ್ಳಿದ್ದಿದ್ರೆ ಉಳೀತಿತ್ತು, ಅಕ್ಕಯ್ಯ."

ಮಳೆಗಾಲಕ್ಕೆ ಮೇಲಿನವರನ್ನು ಕಾಡಿ ಬೇಡಿ ಸಸಿ ತರಿಸಿ, ಬಯಲ ತುಂಬ ನೆಟ್ಟ. ಬಿಂದಿಗೆಯಲ್ಲಿ ನೀರು ಹೊತ್ತ.

"ಬ್ಯಾಡ ಕಣಪ್ಪ," ಎಂದಳು ಗಿರಿಯಮ್ಮ. "ಜಿಂಕೆ ದೂರ ಕಣ್ಣಾಯ್ಸಿ ಬದುಕೋ ಜೀವ. ಮರದ ಮರೇಲಿ ನಾಯಿ ಬಂದ್ರೆ ಅದಕ್ಕೆಂಗ್ ಕಾಣ್ತದೆ? ಹುಲ್ಲೂ ಹೋಗ್ತದೆ."

"ಹುಲ್ಲಿಗೇನ್ ಬರ, ಸುಮ್ನಿರಕ್ಕಯ್ಯ!" ಎಂದು ಅವನು ನಕ್ಕುಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಹುಲ್ಲು ಎಂದರೆ ಎಲ್ಲರಿಗೂ ಸಸಾರ.

ಹತ್ತು ವರ್ಷದಲ್ಲಿ ಮರಗಳ ನೆರಳು ನನ್ನನ್ನು ಮುಚ್ಚಿತು. ಬಿಸಿಲಿಲ್ಲದೆ ನನ್ನ ಬಳಗ ಒಂದೊಂದಾಗಿ ಕರಗಿತು. ಜಿಂಕೆಯ ಹಿಂಡೂ ಸಣ್ಣದಾಗುತ್ತ ಬಂತು. ಒಂದು ವರ್ಷ ಒಂದೂ ಕಾಣಲಿಲ್ಲ. ಗಿರಿಯಮ್ಮ ಕೊನೆಯ ಸಲ ಬಂದಾಗ ಒಂದೇ ಪೊರಕೆಗಾಗುವಷ್ಟು ಹುಲ್ಲು ಸಿಕ್ಕಿತು. ಆಮೇಲೆ ಅವಳೂ ತೀರಿಕೊಂಡಳು.

ನನ್ನಲ್ಲೀಗ ಉಳಿದಿರುವುದು ಏಳೆಂಟು ಎಳೆ. ತೆನೆಯಿಲ್ಲ. ಮೊನ್ನೆ ರಂಗಧಾಮಯ್ಯ ಬಂದ. ಕೆಲಸ ಬಿಟ್ಟಿದ್ದಾನೆ, ಮುದುಕನಾಗಿದ್ದಾನೆ. ಕೈಯಲ್ಲಿ ಅಕ್ಕ ಕಟ್ಟಿದ ಆ ಕೊನೆಯ ಪೊರಕೆ, ಸವೆದು ಮೋಟಾಗಿತ್ತು.

"ಜಿಂಕೆಗೇ ಅಂತ ನೆಟ್ಟೆ ಕಣಕ್ಕಯ್ಯ," ಎಂದ, ಯಾರೂ ಇಲ್ಲದ ಕಡೆ ನೋಡಿ. ಅವನ ಮೇಲಿದ್ದ ಕೋಪ ಅಲ್ಲಿಗೇ ಇಳಿಯಿತು. ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಪೊರಕೆಯನ್ನು ನೆಲಕ್ಕೆ ಎರಡು ಸಲ ಬಡಿದ. ಉದುರಿದ್ದು ಮನೆಯ ಧೂಳು. ಅದರಲ್ಲಿ ಬೀಜವಿದೆಯೇನೋ ಎಂದು ಬೆರಳಿನಿಂದ ಬಹಳ ಹೊತ್ತು ಹುಡುಕಿದ.

"ಬರೋ ವರ್ಷಕ್ಕೂ ಇರ್ರವ್ವ."

ಇರುತ್ತೇನೆ ಎನ್ನಲು ನನಗೆ ಬಾಯಿಲ್ಲ. ಇದ್ದಿದ್ದರೆ ಅವನಿಗಾಗಿ ಒಂದು ಸುಳ್ಳು ಹೇಳುತ್ತಿದ್ದೆ.