ಕ್ಯಾಪ್ಟನ್ ಕೂರುವ ಕುರ್ಚಿ

ನಮ್ಮ ತಂಡದ ಕ್ಯಾಪ್ಟನ್ನಿನ ಮಂಡಿ ಹೋದದ್ದು ಸೀಸನ್‌ನ ಮೂರನೆಯ ಪಂದ್ಯದಲ್ಲಿ. ಯಾರೂ ಅವನನ್ನು ಮುಟ್ಟಿರಲಿಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು ಓಡಿಬಂದು ಗಕ್ಕನೆ ತಿರುಗಿದ. ಹುಲ್ಲಿನಲ್ಲಿ ಕಚ್ಚಿಕೊಂಡ ಬೂಟು ಅಲ್ಲೇ ಉಳಿಯಿತು, ಮೈ ಇನ್ನೊಂದು ಕಡೆಗೆ ಹೋಯಿತು. ಪೂರ್ವದ ಗ್ಯಾಲರಿಯಲ್ಲಿ ನಿಂತು ಕೂಗುತ್ತಿದ್ದ ನನ್ನ ಮಾತು ಅರ್ಧಕ್ಕೇ ನಿಂತಿತು. ಇಡೀ ಮೈದಾನ ಎಷ್ಟು ಸುಮ್ಮನಾಯಿತೆಂದರೆ, ಆಚೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದದ್ದು ಕೇಳಿಸಿತು.

ನಾವು ಅಭಿಮಾನಿಗಳು ಅವನನ್ನು ಕರೆಯುವುದು 'ಕಂಬ' ಎಂದು. ಗೋಲಿನ ಮುಂದೆ ಅವನು ನಿಂತರೆ ದಾಟಿಕೊಂಡು ಹೋಗುವುದು ಯಾರಿಗೂ ಸುಲಭವಲ್ಲ. ಅಂಥವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಹೊತ್ತುಕೊಂಡು ಹೋದದ್ದು ನೋಡಿ ಮನೆಗೆ ಬಂದ ನಾನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಏನಾಯ್ತೇ ನಿನ್ನ ತವರಿನೋರಿಗೆ?" ಎಂದರು ನನ್ನ ಗಂಡ. ತಂಡವನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ಫುಟ್‌ಬಾಲ್ ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ನಾನು ಪಂದ್ಯಕ್ಕೆ ಹೊರಟರೆ ಮಾತ್ರ ಒಂದು ದಿನವೂ ಮುಖ ಗಂಟುಹಾಕಿದವರಲ್ಲ.

"ಕಂಬನ ಮಂಡಿ ಹೋಯ್ತು ಕಣ್ರೀ."

"ಅಯ್ಯೋ ಪಾಪ," ಎಂದರು, ಮತ್ತು ನನ್ನ ತಟ್ಟೆಯನ್ನು ಮುಚ್ಚಿಟ್ಟರು.

ನಮ್ಮದು ಸೋಫಾ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರಷ್ಟೇ ಹಿಡಿಸುವ ಕಡಿದಾದ ಮೆಟ್ಟಿಲು. ಹಳೆಯ ಬಟ್ಟೆ ಕಿತ್ತು ತೆಗೆಯುವುದು, ಜೋತುಬಿದ್ದ ಸ್ಪ್ರಿಂಗು ಬಿಗಿಯುವುದು, ಮರ ಜೋಡಿಸುವುದು ಗಂಡನ ಪಾಲಿನ ಕೆಲಸ. ಅಳತೆ, ಕತ್ತರಿ, ಹೊಲಿಗೆ ನನ್ನವು. ದಿನವಿಡೀ ಅವರು ನೆಲಕ್ಕೆ ಮಂಡಿಯೂರಿ ಯಾವುದಾದರೂ ಸೋಫಾದ ಹೊಟ್ಟೆಯೊಳಗೆ ತಲೆ ತೂರಿಸಿರುತ್ತಾರೆ. ನಾನು ಮಿಷಿನ್ ತುಳಿಯುತ್ತಾ ತಂಡದ ವರದಿ ಒಪ್ಪಿಸುತ್ತಿರುತ್ತೇನೆ.

ಆ ವರ್ಷ ವರದಿಗೇನೂ ಬರವಿರಲಿಲ್ಲ. ಯಾರ ಕಣ್ಣು ಬಿತ್ತೋ ಏನೋ, ಕಂಬನ ಹಿಂದೆಯೇ ಒಬ್ಬೊಬ್ಬರಾಗಿ ಮಲಗಿದರು. ಬಲಗಡೆಯಿಂದ ಚಂಗನೆ ನುಗ್ಗುತ್ತಿದ್ದ 'ಚಿಗರೆ'ಗೆ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಗೋಲ್‌ಕೀಪರನ ಬೆರಳು ಮುರಿಯಿತು. ನಡುವೆ ಆಡುವ ಇನ್ನೊಬ್ಬ ಬೂಟಿನ ಲೇಸು ಕಟ್ಟಲು ಬಗ್ಗಿದವನು ಬೆನ್ನು ಹಿಡಿದುಕೊಂಡು ಹಾಗೇ ಉಳಿದ. ನಾವು ನಗಬೇಕೋ ಅಳಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶಾಲೆಯಲ್ಲಿ ವಿಜ್ಞಾನದಲ್ಲಿ ಏಳುತ್ತಾ ಬೀಳುತ್ತಾ ಪಾಸಾಗಿದ್ದ ನನಗೆ ಮಂಡಿಯಲ್ಲಿ ಎಷ್ಟು ಲಿಗಮೆಂಟುಗಳಿವೆ, ಯಾವುದು ಹರಿದರೆ ವರ್ಷ ಬೇಕು, ಯಾವುದು ತಾನೇ ಕೂಡಿಕೊಳ್ಳುತ್ತದೆ ಎಂಬುದೆಲ್ಲ ಬಾಯಿಪಾಠವಾಯಿತು. ನಾನು ಹೇಳುತ್ತಲೇ ಇರುತ್ತಿದ್ದೆ. ಸೋಫಾದ ಕೆಳಗಿನಿಂದ ನಡುನಡುವೆ ಒಂದು "ಹೂಂ" ಬರುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಜೆರ್ಸಿ ಮಾಮ ಅಂಗಡಿಗೆ ಬಂದ. ಆಟಗಾರರ ಬಟ್ಟೆ, ಬೂಟು, ಟವೆಲು ನೋಡಿಕೊಳ್ಳುವ ಮುದುಕ. ಮೈದಾನಕ್ಕೆ ಹೋಗುವವರೆಲ್ಲ ಅವನನ್ನು ಬಲ್ಲರು. ರಿಪೇರಿಗೆ ಬಂದಿದ್ದ ಸೋಫಾದ ಮೇಲೆ ಕೂತು, ಅದು ಒಂದು ಕಡೆಗೆ ವಾಲಿದ ಕೂಡಲೇ ಎದ್ದು ನಿಂತ.

"ಒಂದು ಕುರ್ಚಿ ಆಗ್ಬೇಕಿತ್ತಮ್ಮ. ಕ್ಯಾಪ್ಟನ್‌ಗೆ ಆಪರೇಷನ್ ಆಗಿ ಕಾಲು ಮಡಚೋಕಾಗ್ತಿಲ್ಲ. ಮನೇಲಿ ಮಲ್ಕೊಳಪ್ಪಾ ಅಂದ್ರೆ ಕೇಳಲ್ಲ. ಹೊಸ ಹುಡುಗ್ರು ಆಡ್ತಿದಾರೆ, ನಾನು ಪಕ್ಕದಲ್ಲಿ ಇರ್ಬೇಕು ಅಂತಾನೆ. ನಮ್ಮ ಬೆಂಚು ನೋಡಿದ್ರೆ ತೀರಾ ತಗ್ಗು."

"ನೀನೊಬ್ಬಳೇ ಮಾಡ್ಬೇಡ, ನಂಗೂ ಸ್ವಲ್ಪ ಉಳಿಸು," ಎಂದರು ನನ್ನ ಗಂಡ. ಅಷ್ಟರಲ್ಲಿ ನಾನು ರೆಕ್ಸಿನ್ ಸುರುಳಿಗಳನ್ನು ಎಳೆದು ತಂಡದ ನೀಲಿ ಬಣ್ಣ ಹುಡುಕಲು ಶುರುಮಾಡಿದ್ದೆ.

ಅಳತೆಗೆ ಕಂಬ ತಾನೇ ಬಂದ. ಎರಡು ಕಂಕುಳಲ್ಲೂ ಊರುಗೋಲು. ಟಿ.ವಿ.ಯಲ್ಲಿ, ಮೈದಾನದಲ್ಲಿ ಕಂಡದ್ದಕ್ಕಿಂತ ಎತ್ತರ, ಅದಕ್ಕಿಂತ ಸಣ್ಣ ವಯಸ್ಸು. "ಬನ್ನಿ, ಹುಷಾರು, ಅಲ್ಲಿ ಮೊಳೆ ಡಬ್ಬ ಇದೆ," ಎಂದೆ. ಅವನು ಬಾಗಿಲಲ್ಲೇ ನಿಂತು ನನ್ನನ್ನು ದಿಟ್ಟಿಸಿದ.

"ಅಕ್ಕ, ಪೂರ್ವದ ಗ್ಯಾಲರಿಯಿಂದ 'ಹಿಂದೆ ನೋಡೋ ಕಂಬಾ' ಅಂತ ಕೂಗೋದು ನೀವೇ ಅಲ್ವಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅದು... ಬಾಯ್ತಪ್ಪಿ ಬರತ್ತೆ..."

"ಪ್ರತಿ ಪಂದ್ಯದಲ್ಲೂ?" ಎಂದು ನಕ್ಕ. "ಕೂಗಿ ಅಕ್ಕ. ನಮ್ಮ ಗೋಲ್‌ಕೀಪರ್ ಹೇಳಿದ್ದು ಎಷ್ಟೋ ಸಲ ಕೇಳ್ಸಲ್ಲ. ನಿಮ್ಮದು ಕೇಳ್ಸತ್ತೆ."

"ಮನೇಲೂ ಅಷ್ಟೇ ಸರ್. ಪಕ್ಕದ ಬೀದೀಗೂ ಕೇಳ್ಸತ್ತೆ," ಎಂದರು ನನ್ನ ಗಂಡ. ಇಬ್ಬರೂ ಆ ಕ್ಷಣವೇ ಗೆಳೆಯರಾದರು.

ಅವರು ಟೇಪು ಹಿಡಿದು ಕೆಳಗೆ ಕೂತು ಅವನ ಕಾಲಿನ ಉದ್ದ, ಹಿಮ್ಮಡಿಯ ಎತ್ತರ ಅಳೆದರು. ಏಳುವಾಗ ಮೇಜಿನ ಅಂಚು ಹಿಡಿದು, ಎಡಗಾಲನ್ನು ಪಕ್ಕಕ್ಕೆ ಎಳೆದುಕೊಂಡು ಎದ್ದರು. ನಾನು ಅಳತೆ ಬರೆದುಕೊಳ್ಳುತ್ತಿದ್ದೆ. ಕಂಬನ ಕಣ್ಣು ಅವರ ಮೇಲೆಯೇ ಇದ್ದದ್ದು ನನಗೆ ಗೊತ್ತಾಯಿತು. ಯಾಕೆಂದು ತಿಳಿಯಲಿಲ್ಲ.

ಕುರ್ಚಿ ಮಾಡಿದ ಆ ವಾರದಂಥ ವಾರ ನಮ್ಮ ಅಂಗಡಿಯಲ್ಲಿ ಇನ್ನೊಂದಿರಲಿಲ್ಲ. ಕಾಲು ಚಾಚಲು ಮುಂದೊಂದು ಹಲಗೆ, ಅದಕ್ಕೆ ಎತ್ತರ ಹೆಚ್ಚುಕಡಿಮೆ ಮಾಡುವ ಹಲ್ಲುಪಟ್ಟಿ. ಮಳೆ ಬಂದರೆ ನೀರು ನಿಲ್ಲದಂತೆ ಅಡಿಯಲ್ಲಿ ತೂತುಗಳು. ಫೋಮನ್ನು ಮಂಡಿಯ ಕೆಳಗೆ ಬರುವಲ್ಲಿ ಮೆತ್ತಗೂ ಹಿಮ್ಮಡಿಯ ಬಳಿ ಗಟ್ಟಿಯಾಗಿಯೂ ಕೂರಿಸಿದೆವು. ಅಂಚಿನ ಹೊಲಿಗೆ ನನಗೆ ಮೂರು ಸಲವೂ ಒಪ್ಪಿಗೆಯಾಗದೆ ಬಿಚ್ಚಿದೆ. "ಅದರ ಮೇಲೆ ಅವನು ಕೂರ್ತಾನೆ ಕಣೇ, ಹೊಲಿಗೆ ನೋಡ್ತಾ ನಿಂತ್ಕೊಳಲ್ಲ," ಎಂದು ಇವರು ಗೊಣಗಿದರು. ಆದರೂ ದೀಪವನ್ನು ನನ್ನ ಕೈ ಹತ್ತಿರಕ್ಕೆ ಸರಿಸಿದರು.

ಕುರ್ಚಿಯಲ್ಲಿ ಕೂತು ನೋಡಲು ಕಂಬ ಜೆರ್ಸಿ ಮಾಮನ ಜೊತೆ ಮತ್ತೆ ಬಂದ. ಕಾಲು ಚಾಚಿ, ಕಣ್ಣು ಮುಚ್ಚಿ, ಉಸಿರು ಬಿಟ್ಟ. "ಆಪರೇಷನ್ ಆದ ಮೇಲೆ ಇದೇ ಮೊದಲ್ನೇ ಸಲ ನೋವಿಲ್ದೆ ಕೂತಿರೋದು," ಎಂದ. ಹಿಗ್ಗಿನಿಂದ ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅವನು ನನ್ನ ಗಂಡನ ಕಡೆಗೆ ತಿರುಗಿದ.

"ಅಣ್ಣ, ಬಾಗಿಲಿಂದ ಮಿಷಿನ್‌ವರೆಗೂ ಒಂದು ಸಲ ನಡೀತೀರಾ?"

"ಯಾಕೆ ಸರ್, ನನ್ನನ್ನೂ ಟೀಮಿಗೆ ತಗೋತೀರಾ?"

"ನಡೀರಿ ಅಣ್ಣ."

ಇವರು ನಗುತ್ತಾ ನಡೆದರು. ಕಂಬ ನಗಲಿಲ್ಲ. "ಎಷ್ಟು ದಿನದಿಂದ ಹೀಗಿದೆ?"

"ಮಂಡಿ ಸ್ವಲ್ಪ ಹಿಡ್ಕೊಳತ್ತೆ. ಕೂತು ಎದ್ದು ಮಾಡೋ ಕೆಲ್ಸ, ಇರೋದೇ."

"ನಾನೂ ಇರೋದೇ ಅಂದ್ಕೊಂಡು ಎರಡು ತಿಂಗಳು ಯಾರಿಗೂ ಹೇಳದೆ ಪ್ರಾಕ್ಟೀಸಲ್ಲೂ ಪಂದ್ಯದಲ್ಲೂ ಆಡ್ದೆ ಅಣ್ಣ. ಕೊನೆಗೆ ಏನಾಯ್ತು, ಅಕ್ಕನೇ ನೋಡಿದಾರೆ." ಅವನು ಊರುಗೋಲಿನ ತುದಿಯಿಂದ ಇವರ ಸೊಂಟದ ಕಡೆಗೆ ತೋರಿಸಿದ. "ನಾನೇನು ಡಾಕ್ಟ್ರಲ್ಲ. ಆದ್ರೆ ಇಷ್ಟು ದಿನ ಕುಂಟೋರ ಜೊತೇಲೇ ಇದ್ದೀನಿ. ನಮ್ಮ ಹುಡುಗ ಒಬ್ಬ ಹೀಗೇ ನಡೀತಿದ್ದ. ನೋವು ಮಂಡೀಲಿ ಅಂತಿದ್ದ, ತೊಂದ್ರೆ ಇದ್ದಿದ್ದು ಸೊಂಟದ ಕೀಲಲ್ಲಿ. ದಯವಿಟ್ಟು ತೋರ್ಸಿ."

ಇವರು ತಲೆ ಆಡಿಸಿ ಮಾತು ಮರೆಸಲು ನೋಡಿದರು. ಆಗ ಜೆರ್ಸಿ ಮಾಮ ಬಾಗಿಲಿಂದಲೇ, "ಅವನು ಕ್ಯಾಪ್ಟನ್ನಪ್ಪ, ಹೇಳಿದ್ ಮಾಡ್ಬೇಕು," ಎಂದ. "ಆಯ್ತು ಸರ್, ತೋರಿಸ್ತೀನಿ," ಎಂದು ಇವರು ಒಪ್ಪಿಕೊಂಡರು.

ಆ ಸಂಜೆ ಅಂಗಡಿಯ ಬಾಗಿಲು ಎಳೆದು ಮೇಲೆ ಹತ್ತುವಾಗ ನಾನು ಹಿಂದೆ ನಿಂತು ನೋಡಿದೆ. ಇವರು ಮೆಟ್ಟಿಲನ್ನು ಅಡ್ಡಡ್ಡವಾಗಿ ಹತ್ತುತ್ತಿದ್ದರು. ಒಂದು ಕೈ ಗೋಡೆಯ ಮೇಲಿತ್ತು. ಆ ಗೋಡೆಯಲ್ಲಿ ಅಂಗೈ ಉಜ್ಜಿ ಉಜ್ಜಿ ಬಣ್ಣ ಮಾಸಿದ ಒಂದು ಗೆರೆಯೇ ಇತ್ತು. ಮೆಟ್ಟಿಲು ಇಕ್ಕಟ್ಟು, ಅದಕ್ಕೇ ಹಾಗೆ ಹತ್ತುತ್ತಾರೆ ಅಂದುಕೊಂಡಿದ್ದೆ.

"ಯಾವಾಗಿಂದ ರೀ?" ಎಂದೆ.

"ಹೋದ ಸೀಸನ್ನಲ್ಲಿ ನಿಮ್ಮೋರು ಕಪ್ ಸೆಮಿಫೈನಲ್ ಸೋತ್ರಲ್ಲ, ಆವಾಗಿಂದ. ನೀನು ತುಂಬಾ ಬೇಜಾರಲ್ಲಿದ್ದೆ. ಆಮೇಲ್ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಹೊಸ ಸೀಸನ್ ಬಂತು, ಅವರೆಲ್ಲ ಒಬ್ಬೊಬ್ರೇ ಬೀಳೋಕೆ ಶುರುವಾದ್ರು. ನಿಂಗೆ ನಂದೂ ಒಂದು ಯಾಕೆ?"

ಅಷ್ಟು ಹೊತ್ತು ತಡೆದುಕೊಂಡಿದ್ದೆ. ಆಮೇಲೆ ಮೆಟ್ಟಿಲ ಮೇಲೆಯೇ ಕೂತು ಅತ್ತೆ. ಅವರೂ ಎರಡು ಮೆಟ್ಟಿಲು ಮೇಲೆ ಕೂತರು. "ಅಳ್ಬೇಡ್ವೇ. ಕಾಲೇನು ಕಿತ್ಕೊಂಡ್ ಹೋಗಿಲ್ಲ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನ್ ತೆಗೆಸಿ ನೋಡಿ, ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡುತುದಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದರು. ಮೂಳೆ ಇನ್ನೂ ಕುಸಿದಿರಲಿಲ್ಲ. ಸಣ್ಣ ಆಪರೇಷನ್ ಮಾಡಿ, ಭಾರ ಹಾಕದೆ ಕೆಲವು ತಿಂಗಳು ಕಾದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಇನ್ನೊಂದು ವರ್ಷ ಹೀಗೇ ಕೂತು ಎದ್ದು ಮಾಡಿದ್ದರೆ ಕೀಲನ್ನೇ ಬದಲಿಸಬೇಕಾಗುತ್ತಿತ್ತು. "ಸರಿಯಾದ ಟೈಮಿಗೆ ಬಂದ್ರಿ. ಯಾರು ಕಳ್ಸಿದ್ದು?" ಎಂದು ಕೇಳಿದರು.

"ನಮ್ಮ ಕ್ಯಾಪ್ಟನ್," ಎಂದರು ನನ್ನ ಗಂಡ.

ಆಪರೇಷನ್ ಆಯಿತು. ಇವರು ಮನೆಯಲ್ಲಿ ಮಲಗಿದರು, ಅಂಗಡಿ ನನ್ನ ಹೆಗಲಿಗೆ ಬಂತು. ಬಿಡುವಿದ್ದಾಗ ಜೆರ್ಸಿ ಮಾಮ ಬಂದು ಸೋಫಾದ ಇನ್ನೊಂದು ತುದಿ ಹಿಡಿಯುತ್ತಿದ್ದ. ವ್ಯಾಯಾಮಕ್ಕೆ ಕ್ಲಬ್ಬಿನ ಹಳೆಯ ರಬ್ಬರ್ ಪಟ್ಟಿಗಳನ್ನೂ ತಂದುಕೊಟ್ಟ. ಕಂಬ ವಾರಕ್ಕೊಮ್ಮೆಯಾದರೂ ಫೋನ್ ಮಾಡಿ, "ಅಣ್ಣ, ಇವತ್ತು ಕಾಲೆತ್ತಿದ್ರಾ? ಸುಳ್ಳು ಹೇಳ್ಬೇಡಿ, ಅಕ್ಕನ ಕೈಗೆ ಫೋನ್ ಕೊಡಿ," ಎನ್ನುತ್ತಿದ್ದ. ಹೀಗೆ ಹಿಡಿದು ಕೇಳುವವರಿಲ್ಲದಿದ್ದರೆ ಇವರು ಪಟ್ಟಿಯನ್ನು ಮಂಚದ ಕೆಳಗೆ ತಳ್ಳಿ ಮಲಗುತ್ತಿದ್ದರು, ನನಗೆ ಗೊತ್ತು.

ಆ ತಂಡಕ್ಕಾಗಿ ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೇನೆ. ಒಂದು ಕಪ್ಪನ್ನೂ ಅವರು ಗೆದ್ದುಕೊಟ್ಟಿಲ್ಲ. ಆದರೆ ಹೆಂಡತಿಯಾದ ನನ್ನ ಕಣ್ಣಿಗೆ ಬೀಳದ ಕುಂಟನ್ನು ಅವರ ಕ್ಯಾಪ್ಟನ್ ಕಂಡ. ಅವನ ಕಾಲು ನೆಟ್ಟಗಿದ್ದಿದ್ದರೆ ಅವನು ನಮ್ಮ ಅಂಗಡಿಯ ಹೊಸ್ತಿಲು ತುಳಿಯುವ ಪ್ರಮೇಯವೇ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ಕೃತಜ್ಞತೆಯ ಜೊತೆಗೆ ನಾಚಿಕೆಯೂ ಆಗುತ್ತದೆ. ಅವನ ನೋವಿನಿಂದ ನಮಗೆ ಒಳ್ಳೆಯದಾಯಿತಲ್ಲ ಎಂದು. ಒಮ್ಮೆ ಫೋನಿನಲ್ಲಿ ಅವನಿಗೆ ಅದನ್ನೇ ಹೇಳಿದೆ. "ಇರ್ಲಿ ಬಿಡಿ ಅಕ್ಕ, ಯಾರಿಗಾದ್ರೂ ಉಪಯೋಗ ಆಯ್ತಲ್ಲ," ಎಂದ.

ತಂಡ ಮಾತ್ರ ಏಳಲಿಲ್ಲ. ಅನುಭವ ಸಾಲದ ಹುಡುಗರು ಜೀವ ತೇದು ಆಡಿದರು, ಸೋತರು, ಅಪರೂಪಕ್ಕೆ ಗೆದ್ದರು. ಕಂಬ ಪ್ರತಿ ಪಂದ್ಯದಲ್ಲೂ ನೀಲಿ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಅವರಿಗೆ ಕೂಗಿ ಹೇಳುತ್ತಿದ್ದ. ಆ ವರ್ಷ ಅವನು ಮತ್ತೆ ಆಡುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೊನೆಯ ಪಂದ್ಯದ ಹೊತ್ತಿಗೆ ನಾವು ಎಂಥ ಸ್ಥಿತಿಯಲ್ಲಿದ್ದೆವೆಂದರೆ, ಡ್ರಾ ಆದರೆ ಲೀಗಿನಲ್ಲಿ ಉಳಿಯುತ್ತೇವೆ, ಸೋತರೆ ಕೆಳಗಿನ ದರ್ಜೆಗೆ ಬೀಳುತ್ತೇವೆ.

"ನಾನು ಹೋಗಲ್ಲ, ನೀವೊಬ್ರೇ ಆಗ್ತೀರಿ," ಎಂದೆ.

"ನೀನು ಇಲ್ಲಿದ್ದು ನನ್ನ ಕಿವಿ ತೂತು ಮಾಡೋದಕ್ಕಿಂತ ಅಲ್ಲಿಗೆ ಹೋಗೇ ಮಾರಾಯ್ತಿ. ನೀರು, ಫೋನು, ರೇಡಿಯೋ ಎಲ್ಲ ಕೈಗೆಟುಕೋ ಹಾಗಿಟ್ಟು ಹೊರಡು," ಎಂದು ಇವರು ನನ್ನನ್ನು ಅಟ್ಟಿದರು.

ಚಿಗರೆ ಆ ದಿನ ವಾಪಸು ಬಂದಿದ್ದ. ಮೊದಲರ್ಧದಲ್ಲಿ ಬಲಗಡೆಯಿಂದ ನುಗ್ಗಿ ಗೋಲು ಹೊಡೆದ. ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸನ್ನು ನಾನು ತಬ್ಬಿಕೊಂಡೆ. ಎರಡನೆಯ ಅರ್ಧದಲ್ಲಿ ಎದುರಾಳಿಗಳು ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯಲು ಇನ್ನೂ ಹೊತ್ತಿತ್ತು. ಆಗ ಚಿಗರೆ ಓಡುತ್ತಿದ್ದವನು ನಿಂತ. ತೊಡೆಯ ಹಿಂಭಾಗ ಮುಟ್ಟಿಕೊಂಡು, ಬೀಳುವ ಮೊದಲೇ ಬೆಂಚಿನ ಕಡೆಗೆ ಕೈಯೆತ್ತಿ ತನ್ನನ್ನು ಬದಲಿಸಿ ಎಂದು ಕೇಳಿದ.

ಗ್ಯಾಲರಿ ಗುರ್ರೆಂದಿತು. "ಈಗ ಹೋಗ್ತಾನಲ್ಲಪ್ಪ! ಇನ್ನೊಂದು ಸ್ವಲ್ಪ ಹೊತ್ತು ತಡ್ಕೊಳೋಕಾಗಲ್ವಾ?" ಎಂದು ಹಿಂದಿನವನೊಬ್ಬ ಅರಚಿದ. ಹೋದ ವರ್ಷವಾಗಿದ್ದರೆ ಅವನಿಗಿಂತ ಜೋರಾಗಿ ನಾನೇ ಅರಚುತ್ತಿದ್ದೆ. ಈ ಸಲ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಮೊದಮೊದಲು ನನ್ನದೊಂದೇ ಚಪ್ಪಾಳೆ. ಆಮೇಲೆ ನಾನು ತಬ್ಬಿಕೊಂಡಿದ್ದ ಹೆಂಗಸೂ ತಟ್ಟಿದಳು. ಅವಳ ಸಾಲಿನ ಒಂದಿಬ್ಬರು ಸೇರಿಕೊಂಡರು. ಗೆರೆ ದಾಟಿ ಬಂದ ಚಿಗರೆಯ ಬೆನ್ನು ತಟ್ಟಿ ಕಂಬ ತನ್ನ ಪಕ್ಕಕ್ಕೆ ಕರೆದುಕೊಂಡ.

ಉಳಿದ ಹೊತ್ತು ಹೇಗೆ ಕಳೆಯಿತೋ ಕೇಳಬೇಡಿ. ಚೆಂಡು ಒಮ್ಮೆ ನಮ್ಮ ಗೋಲುಕಂಬಕ್ಕೆ ಬಡಿದು ಹೊರಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಕೊನೆಯ ಸೀಟಿ ಊದಿದರು. ಒಂದಕ್ಕೊಂದು. ಉಳಿದುಕೊಂಡೆವು.

ಮನೆಗೆ ಬಂದರೆ ಇವರು ದಿಂಬಿಗೆ ಒರಗಿ ನನಗಾಗಿಯೇ ಕಾಯುತ್ತಿದ್ದರು. ರೇಡಿಯೋ ಇನ್ನೂ ಗೊಣಗುತ್ತಿತ್ತು.

"ನೋಡು, ಆ ಎರಡನೇ ಗೋಲು ಆಫ್‌ಸೈಡು," ಎಂದರು.

"ಯಾವ ಎರಡನೇ ಗೋಲು ರೀ? ನಾವು ಹೊಡೆದಿದ್ದೇ ಒಂದು."

"ಅವರದ್ದು ಕಣೇ. ಅವನು ಚೆಂಡಿಗಿಂತ ಹಿಂದೆ ನಿಂತಿದ್ದ, ಅದಕ್ಕೇ ಆಫ್‌ಸೈಡು."

ಚೆಂಡಿಗಿಂತ ಹಿಂದೆ ನಿಂತವನಿಗೆ ಆಫ್‌ಸೈಡ್ ಆಗುವುದಿಲ್ಲ. ಚಪ್ಪಲಿ ಬಿಟ್ಟು ಮಂಚದ ತುದಿಯಲ್ಲಿ ಕೂತೆ. ನಾನು ಕಣ್ಣಾರೆ ನೋಡಿಬಂದ ಪಂದ್ಯವನ್ನು ಇವರು ಕೈ ಆಡಿಸುತ್ತಾ, ಉಗುಳು ನುಂಗುತ್ತಾ, ಮೊದಲಿನಿಂದ ಹೇಳತೊಡಗಿದರು. ನಾನು "ಹೂಂ, ಆಮೇಲೆ?" ಎನ್ನುತ್ತಾ ಕೇಳಿದೆ.