ಬಾಗಿನದೊಳಗಿನ ಚೀಟಿ

ನಮ್ಮಣ್ಣ ಹರ್ಷ ಮಹಾ ದಾನಶೂರ. ಕೊಟ್ಟಿದ್ದನ್ನು ಊರಿಗೆಲ್ಲ ಸಾರುತ್ತಾನೆ, ಆಮೇಲೆ ವಾಪಸ್ ಕೇಳುತ್ತಾನೆ.

ಕಳೆದ ವರ್ಷ, ಎರಡು ಸಾವಿರದ ಇಸವಿಯ ಗೌರಿಹಬ್ಬದ ವಾರದಲ್ಲೇ ಅವನು ಕೆಲಸಕ್ಕಿದ್ದ ಅಮೆರಿಕದ ಮೆನ್ಲೋ ಪಾರ್ಕ್ ಕಂಪನಿ ಷೇರು ಮಾರುಕಟ್ಟೆಗೆ ಬಂತು. ಕಂಪನಿಯ ನೌಕರರು ತಮ್ಮ ಷೇರನ್ನು ಆರು ತಿಂಗಳು ಮಾರುವಂತಿರಲಿಲ್ಲ. ಅವರು ಹೆಸರು ಕೊಟ್ಟ ನೆಂಟರು ಮಾತ್ರ ಮೊದಲ ಬೆಲೆಗೆ ಕೊಂಡು ಯಾವಾಗ ಬೇಕಾದರೂ ಮಾರಬಹುದಿತ್ತು. ಹರ್ಷ ತನ್ನ ಕೋಟಾದಲ್ಲಿ ನನ್ನ ಹೆಸರು ಕೊಟ್ಟ. "ಈ ಸಲ ತಂಗಿ ಹೇಮಶ್ರೀಗೆ ನೂರು ಷೇರಿನ ಬಾಗಿನ" ಎಂದು ಮಿಲ್ಪಿಟಾಸಿನ ತನ್ನ ಮನೆಯಲ್ಲಿ ಎಲ್ಲರ ಮುಂದೆ ಹೇಳಿ ಚಪ್ಪಾಳೆ ಹೊಡೆಸಿಕೊಂಡ. ಸಾವಿರದ ಇನ್ನೂರು ಡಾಲರ್ ಕಟ್ಟಿದವಳು ನಾನು. ಅದಕ್ಕೆ ಮದುವೆಯ ಆರು ಚಿನ್ನದ ಬಳೆ ಮಾರಿದ್ದೆ.

ಮೊದಲ ದಿನವೇ ಹನ್ನೆರಡರ ಷೇರು ಎಂಬತ್ತಾಯಿತು. ಮಾರಿಬಿಟ್ಟೆ. ಗಂಡನ ವೀಸಾದ ಮೇಲೆ ಬಂದ ನಾನು ಇಲ್ಲಿ ದುಡಿಯುವ ಹಾಗಿಲ್ಲ, ಓದಬಹುದು. ದುಡ್ಡನ್ನು ನರ್ಸಿಂಗ್ ಕಾಲೇಜಿನ ಫೀಸಿಗೆ ಎತ್ತಿಟ್ಟೆ. "ಸ್ವಂತ ತಂಗಿಗೇ ನನ್ ಕಂಪನಿ ಮೇಲೆ ನಂಬಿಕೆ ಇಲ್ಲ" ಎಂದು ಹರ್ಷ ವರ್ಷವಿಡೀ ಮಾತು ಬಿಟ್ಟ. ಅವನ ಆರು ತಿಂಗಳು ಮುಗಿಯುವಷ್ಟರಲ್ಲಿ ಷೇರು ಒಂದು ಡಾಲರ್‌ಗೆ ಇಳಿದಿತ್ತು, ಆಮೇಲೆ ಕೆಲಸವೂ ಹೋಯಿತು. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಈ ಗೌರಿಹಬ್ಬಕ್ಕೆ, ಅವನ ಮನೆಯಿಂದ ಅರ್ಧ ಗಂಟೆ ದೂರದ ಡಬ್ಲಿನ್‌ ಊರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದ. ಜೊತೆಗೆ ಮಂಡ್ಯದಿಂದ ಬಂದಿದ್ದ ಅವ್ವ. ಮೊರ ಸಿಗದೆ ಎರಡು ಸ್ಟೀಲ್ ತಟ್ಟೆ ಕವುಚಿ ಬಾಗಿನ ತಂದಿದ್ದರು. ಖುಷಿಗೆ ನನ್ನ ಕಣ್ಣು ತುಂಬಿತು. ತೆರೆದೆ. ರವಿಕೆ ಕಣ, ಅರಿಶಿನ ಕುಂಕುಮ, ಒಂದು ಡಜನ್ ಹಸಿರು ಗಾಜಿನ ಬಳೆ, ಒಂದು ಕವರ್. ಕವರಿನಲ್ಲಿ ದುಡ್ಡಿರಲಿಲ್ಲ, ಚೀಟಿ ಇತ್ತು. ಆರು ಸಾವಿರದ ಎಂಟುನೂರು ಡಾಲರ್, ಕೆಳಗೆ ಹರ್ಷನ ಬ್ಯಾಂಕ್ ಅಕೌಂಟ್ ನಂಬರು.

ನನ್ನ ಮೈ ಉರಿದುಹೋಯಿತು.

"ಅವನು ಧರ್ಮಕ್ಕೆ ಕೊಟ್ಟಿದ್ದಲ್ವೇನೆ? ಲಾಭನಾದ್ರೂ ವಾಪಸ್ ಕೊಡು. ಮನೆ ಕಂತು ಕಟ್ಬೇಕಂತೆ" ಅಂದಳು ಅವ್ವ.

ಎರಡೂ ಕೈ ಅವಳ ಮುಂದೆ ಚಾಚಿದೆ. "ನೀನು ಮಾಡಿಸ್ಕೊಟ್ಟ ಬಳೆ ಎಲ್ಲಿ ಅಂತ ಕೇಳವ್ವ. ಅದನ್ನ ಮಾರಿ ಷೇರು ಕೊಂಡಿದ್ದು. ನಿನ್ ಮಗ ಒಂದು ಸೆಂಟೂ ಹಾಕಿಲ್ಲ."

ಅವ್ವ ಅವನ ಕಡೆ ತಿರುಗಿದಳು. "ಹೌದೇನ್ಲಾ?"

"ಕೋಟಾ ನಂದೇ ತಾನೆ" ಅಂದ ಹರ್ಷ, ಕಾರ್ಪೆಟ್ ನೋಡುತ್ತ.

ಅವ್ವ ನನ್ನ ಬರಿಗೈ ಸವರಿದಳು. ಈಗ ಅವನಿಗೆ ಸರಿಯಾಗಿ ಉಗಿಯುತ್ತಾಳೆ ಅಂದುಕೊಂಡೆ.

"ಆದ್ರೂ ಗಂಡುಮಗ ಕಣೆ, ಕೊಟ್ಬಿಡು" ಅಂದಳು. "ಮುಂದಿನ ವರ್ಷ ಓದೀಯಂತೆ."

ಗಾಜಿನ ಬಳೆ ಎತ್ತಿಕೊಂಡು ಆರಾರರಂತೆ ಎರಡೂ ಕೈಗೆ ನಾನೇ ಹಾಕಿಕೊಂಡೆ. ಚೀಟಿಯನ್ನು ತಟ್ಟೆಯಲ್ಲಿಟ್ಟು, ಇನ್ನೊಂದು ತಟ್ಟೆ ಕವುಚಿ ಅವ್ವನ ಮಡಿಲಿಗೆ ಹಾಕಿದೆ.

"ಬಳೆ ಇಟ್ಕೊಂಡಿದೀನಿ. ಉಳಿದಿದ್ದು ನಿನ್ ಮಗನಿಗೇ ಕೊಡವ್ವ. ನಾಳೆಯಿಂದ ನಂಗೆ ಕ್ಲಾಸು ಶುರು."